ಕೆಂಪು ಮಂಡಿಯವಳಿಗೊಂದು ಮನೆ

ಬಟ್ಟೆಯನ್ನು ಒಂದೇ ಸಲಕ್ಕೆ ಎಳೆಯಬಾರದು, ಮೆಲ್ಲಗೆ ಸರಿಸಬೇಕು ಎಂದು ಒತೀಲಿಯಾ ಬೆಳಗ್ಗೆಯೇ ಅಂದುಕೊಂಡಿದ್ದಳು. ಹಾಗೆಯೇ ಮಾಡಿದಳು. ಮೊದಲು ಗಾಜಿನ ಗೋಪುರದ ತುದಿ ಕಂಡಿತು. ಆಮೇಲೆ ಹಿಂಬದಿಯ ಗಾಜಿನಲ್ಲಿ ಅವಳೇ ಕೊರೆದಿದ್ದ ಕೊಲೀಮಾದ ಜ್ವಾಲಾಮುಖಿ, ಅದರ ನೆತ್ತಿಯ ಮೇಲೊಂದು ಹೊಗೆಯ ಎಳೆ. ಕೊನೆಗೆ ನೆಲದ ಮೇಲೆ ಹಾಸಿದ ನುಣುಪಾದ ನದಿಕಲ್ಲುಗಳು.

ಎವರಾರ್ದೊ ಕೈ ಹಿಂದೆ ಕಟ್ಟಿಕೊಂಡು ಅದರ ಸುತ್ತ ಒಂದು ಸುತ್ತು ಬಂದ. ಬಿಸಿಲಿಗೆ ಕಂದಿದ ಕತ್ತು, ತೆಳ್ಳನೆಯ ಮೈ, ಗಂಡಸಿಗೆ ಅಷ್ಟುದ್ದ ಯಾಕೆ ಬೇಕು ಅನ್ನಿಸುವಂಥ ರೆಪ್ಪೆಗಳು. ಆರ್ಡರು ಕೊಡಲು ಬಂದ ದಿನವೇ ಒತೀಲಿಯಾ ಆ ರೆಪ್ಪೆಗಳನ್ನು ಗಮನಿಸಿ, ಗಮನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟಾಗಿದ್ದಳು.

"ಇಂಥ ಕೆಲಸ ನಾನು ನೋಡೇ ಇಲ್ಲ," ಎಂದ ಅವನು.

ಒತೀಲಿಯಾಳ ಕತ್ತು ತುಸು ನೀಳವಾಯಿತು.

"ಆದ್ರೆ ಇದರೊಳಗೆ ಬಿಟ್ರೆ ಅದು ಸತ್ತುಹೋಗುತ್ತೆ."

ಹಿಂದಿನ ಮೇಜಿನಲ್ಲಿ ಗಾಜಿನ ಮೇಲೆ ಹರಿಯುತ್ತಿದ್ದ ದೋನ್ ಅನಸ್ತಾಸಿಯೊ ಅವರ ವಜ್ರದ ಮೊನೆ ಅಲ್ಲೇ ನಿಂತಿತು. ಮಾರುಕಟ್ಟೆಯ ಹಿಂದಿನ ಬೀದಿಯ ಆ ಗಾಜಿನಂಗಡಿ ಅವರದು. ಅರ್ಧ ಊರಿನ ಕಿಟಕಿಗಳಿಗೆ ಗಾಜು ಹಾಕಿದ ಕೈ ಅವರದು. ಆ ಕೈಯಿಂದಲೇ ಮಗಳು ಒತೀಲಿಯಾ ಕೆಲಸ ಕಲಿತಿದ್ದಳು. ಅವಳು ಕತ್ತರಿಸಿದ ಒಂದು ತುಂಡನ್ನೂ ಇದುವರೆಗೆ ಯಾರೂ ವಾಪಸ್ ತಂದಿರಲಿಲ್ಲ.

"ಸಾಯೋದು ಯಾಕಂತೆ?" ಎಂದಳು ಒತೀಲಿಯಾ. ದನಿ ತಣ್ಣಗಿತ್ತು.

"ಎತ್ತರ ಜಾಸ್ತಿ. ಇದು ನೆಲದ ಜೀವ. ಗಾಜು ಹತ್ತೋಕೆ ಹೋಗುತ್ತೆ, ಮೇಲಿಂದ ಬೀಳುತ್ತೆ. ಹೊಟ್ಟೆ ಮಾಗಿದ ದ್ರಾಕ್ಷಿ ಇದ್ದ ಹಾಗೆ. ಕಲ್ಲಿನ ಮೇಲೆ ಬಿದ್ರೆ ಒಡೆದೇ ಹೋಯ್ತು."

"ಇದನ್ನ ಮೊದಲೇ ಹೇಳಬೇಕಿತ್ತು."

"ಹೇಳಿದ್ದೆ. ಚಿಕ್ಕದು ಸಾಕು, ಸಾದಾದು ಸಾಕು ಅಂದೆ. ನೀವು ನಮ್ಮ ಅಂಗಡೀಲಿ ಸಾದಾ ಅನ್ನೋದೇ ಇಲ್ಲ ಅಂದ್ರಿ."

ದೋನ್ ಅನಸ್ತಾಸಿಯೊ ಕೆಮ್ಮಿದರು. ಅದು ಕೆಮ್ಮಲ್ಲ, ನಗು ಎಂದು ಮಗಳಿಗೆ ಗೊತ್ತಾಯಿತು.

ಅವನು ಈ ಗಾಜಿನ ಮನೆ ಕೇಳಿದ್ದು ಅಜ್ಜಿಗೆಂದು. ಊರಿನ ಉಳಿದ ಅಜ್ಜಿಯರು ಹುಟ್ಟುಹಬ್ಬಕ್ಕೆ ಶಾಲು ಬಯಸಿದರೆ, ಕರಾವಳಿಯ ಒಣಕಾಡಿನ ಅಂಚಿನಲ್ಲಿದ್ದ ಇವನ ಅಜ್ಜಿ ನಿಕಾನೊರಾ ಸಾಕಲು ಒಂದು ಮರಿ ಟರಂಟುಲಾ ಬೇಕು ಎಂದಿದ್ದರು. ಮರಿಗೇನೂ ಬರವಿರಲಿಲ್ಲ. ಎವರಾರ್ದೊ ಮಾಡುತ್ತಿದ್ದ ಕೆಲಸವೇ ಅದು: ಪರವಾನಗಿ ಪಡೆದು ಆ ದೊಡ್ಡ ಜೇಡಗಳನ್ನು ಮರಿ ಮಾಡಿಸುವುದು, ಬೆಳೆಸುವುದು. ಅಜ್ಜಿಯ ಪಡಸಾಲೆಯಲ್ಲಿ ಇಡಬೇಕಾದ್ದರಿಂದ ಮನೆ ಮಾತ್ರ ಚಂದವಿರಬೇಕು ಎಂದು ಕೊಲೀಮಾ ಪೇಟೆಯ ಈ ಅಂಗಡಿಯವರೆಗೆ ಬಂದಿದ್ದ.

ಒತೀಲಿಯಾ ಬಟ್ಟೆಯನ್ನು ಮತ್ತೆ ಗೋಪುರದ ಮೇಲೆ ಹೊದಿಸಿದಳು.

"ಅದನ್ನ ಇಲ್ಲೇ ಬಿಟ್ಟು ಹೋಗಿ."

"ಯಾವುದನ್ನ?"

"ನಿಮ್ಮ ಜೇಡನ. ಅಳತೆ ತಗೊಳ್ಳದೆ ಯಾವ ದರ್ಜೀನೂ ಅಂಗಿ ಹೊಲಿಯಲ್ಲ. ಅದು ಹೇಗೆ ಬದುಕುತ್ತೆ ಅಂತ ನಾನೇ ಕಣ್ಣಾರೆ ನೋಡ್ತೀನಿ, ಆಮೇಲೆ ಕಟ್ತೀನಿ. ಅದೂ ನಿಮಗೆ ಒಪ್ಪಿಗೆ ಆಗಲಿಲ್ಲ ಅಂದ್ರೆ ನಿಮ್ಮೆದುರೇ ಸುತ್ತಿಗೆ ತಗೊಂಡು ಒಡೀತೀನಿ."

"ಭಯ ಆಗಲ್ವಾ?"

"ಯಾರಿಗೆ? ಜೇಡಕ್ಕಾ?"

ಎವರಾರ್ದೊ ನಕ್ಕ. ಅವನ ನಗು ಮೊದಲು ಕಣ್ಣಿಗೆ ಬಂದು, ಆಮೇಲೆ ಬಾಯಿಗೆ ಇಳಿಯುತ್ತಿತ್ತು. ಅಂಗಿಯ ಜೇಬಿನಿಂದ ಪುಟ್ಟ ಡಬ್ಬಿಯೊಂದನ್ನು ತೆಗೆದು ಮುಚ್ಚಳ ಬಿಚ್ಚಿದ. ಕಾಲು ಚಾಚಿದರೆ ಹತ್ತು ಪೆಸೊ ನಾಣ್ಯದಷ್ಟಿದ್ದ, ಕಂದುಕಪ್ಪು ಬಣ್ಣದ, ಮೈಯೆಲ್ಲ ನವಿರು ರೋಮದ ಮರಿ. ಒಂದು ಕಾಲನ್ನು ಎತ್ತಿ, ಗಾಳಿಯನ್ನು ಮುಟ್ಟಿ ನೋಡಿ, ಮತ್ತೆ ಇಳಿಸಿತು.

ಒತೀಲಿಯಾ ಅರ್ಧ ಹೆಜ್ಜೆ ಹಿಂದೆ ಸರಿದಳು. ಕೈಗಳನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿಕೊಂಡಳು. ಅವನು ಅದನ್ನು ಕಂಡೂ ಕಾಣದವನಂತೆ ಬೀದಿಯ ಕಡೆ ನೋಡಿದ. ಹಾಗೆ ನೋಡಿದ್ದು ಅವಳಿಗೆ ಹಿಡಿಸಿತು.

*

ಮರಿಗೆ ಚೀಯಾ ಎಂದು ಹೆಸರಿಟ್ಟವಳು ಒತೀಲಿಯಾ. ಶರಬತ್ತಿಗೆ ಹಾಕುವ ಕಾಳಿನ ಹಾಗೆ ಪುಟ್ಟದು, ಕಪ್ಪು ಎಂದು.

ಎರಡು ಮೂರು ದಿನಕ್ಕೊಮ್ಮೆ ಮಧ್ಯಾಹ್ನದ ಹೊತ್ತಿಗೆ ಎವರಾರ್ದೊ ಮರಿ ಮಿಡತೆಯಂಥ ಹುಳುಗಳನ್ನು ಹಿಡಿದುಕೊಂಡು ಬರುತ್ತಿದ್ದ. ಬರುವಾಗ ದಾರಿಯಲ್ಲಿ ತೂಬಾ ತರುತ್ತಿದ್ದ. ತೆಂಗಿನ ಮರದಿಂದ ಆಗಷ್ಟೇ ಇಳಿಸಿದ ನೀರಾ, ಮೇಲೆ ಕಡಲೆಕಾಯಿ ಬೀಜ ಉದುರಿಸಿದ್ದು. ಇಬ್ಬರೂ ಮೇಜಿನ ಮುಂದೆ ಮೊಣಕಾಲೂರಿ, ಗಲ್ಲವನ್ನು ಹಲಗೆಗೆ ಆನಿಸಿ ಡಬ್ಬಿಯನ್ನು ನೋಡುತ್ತಿದ್ದರು. ಭುಜಕ್ಕೆ ಭುಜ ತಾಗದಂತೆ ಒತೀಲಿಯಾ ಅಂತರ ಇಟ್ಟುಕೊಳ್ಳುತ್ತಿದ್ದಳು. ಆ ಅಂತರ ದಿನದಿಂದ ದಿನಕ್ಕೆ ಸವೆಯುತ್ತಿತ್ತು.

"ಮೇಲೆ ನೋಡೋದೇ ಇಲ್ಲ ಇದು," ಎಂದಳು ಒಂದು ದಿನ. "ಇಡೀ ದಿನ ಮಣ್ಣು ಹೊರೋದೇ ಕೆಲಸ."

"ಗುಂಡಿ ತೋಡಿಕೊಳ್ತಿದೆ. ತಲೆ ಮೇಲೆ ಒಂದು ಸೂರು, ಬೆನ್ನಿಗೊಂದು ಗೋಡೆ. ಅಷ್ಟಿದ್ರೆ ಅದಕ್ಕೆ ಸ್ವರ್ಗ."

"ಜಾಗ ದೊಡ್ಡದಾದಷ್ಟೂ ಒಳ್ಳೇದಲ್ವಾ?"

"ಈ ವಯಸ್ಸಲ್ಲಿ ಅಲ್ಲ. ಜಾಗ ದೊಡ್ಡದಾದ್ರೆ ಊಟ ಎಲ್ಲಿದೆ ಅಂತಾನೇ ಅದಕ್ಕೆ ಸಿಗಲ್ಲ. ಒಂಟಿತನಕ್ಕೆ ಹೆದರಿ ಮೂಲೆ ಸೇರುತ್ತೆ."

"ಜೇಡಕ್ಕೂ ಒಂಟಿತನವೇ?"

"ಇಲ್ಲ ಅಂತ ಪುಸ್ತಕದಲ್ಲಿದೆ," ಎಂದ ಎವರಾರ್ದೊ ಅವಳತ್ತ ತಿರುಗದೆ. "ನನ್ನ ಬಗ್ಗೆ ಹೇಳಿಕೊಳ್ಳೋಕೆ ನಾಚಿಕೆ ಆದಾಗ ಅದರ ಹೆಸರಲ್ಲಿ ಹೇಳ್ತೀನಿ."

ಒತೀಲಿಯಾ ತೂಬಾದ ಲೋಟಕ್ಕೆ ಮುಖ ಅಡಗಿಸಿದಳು. ಕಡಲೆಬೀಜವೊಂದು ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಆ ಉಸಿರು ಡಬ್ಬಿಯೊಳಕ್ಕೆ ಹೋಗಿದ್ದೇ ತಡ, ಚೀಯಾ ಬೆನ್ನು ತಿರುಗಿಸಿ ಹಿಂಗಾಲುಗಳಿಂದ ತನ್ನ ಹೊಟ್ಟೆಯ ರೋಮವನ್ನು ಪಟಪಟನೆ ಕೊಡವಿತು. ಅವಳ ಮೂಗಿನಲ್ಲಿ ನವೆ ಎದ್ದು ಮುಖವೆಲ್ಲ ಕೆಂಪಾಯಿತು.

"ನಿಮ್ಮ ಹಾಗೇನೇ," ಎಂದ ಅವನು, ನೀರಿನಲ್ಲಿ ಅದ್ದಿದ ಕರವಸ್ತ್ರ ಚಾಚುತ್ತ. "ಸಿಟ್ಟು ಬಂದ್ರೆ ಬೆನ್ನು ತಿರುಗಿಸೋದು, ಮುಳ್ಳು ಎರಚೋದು. ಕಚ್ಚೋದಂತೂ ಇಲ್ಲ."

"ಅಷ್ಟು ನಂಬಿಕೆ ಇಡಬೇಡಿ."

"ಕಚ್ಚಿಸಿಕೊಂಡು ಅಭ್ಯಾಸ ಇದೆ, ಸೆನ್ಯೊರಿತಾ."

ಹಿಂದಿನಿಂದ ದೋನ್ ಅನಸ್ತಾಸಿಯೊ, "ಇನ್ನು ಎಷ್ಟು ದಿನ ಅಳತೆ ತಗೊಳ್ತೀರಿ ಮಗಳೇ? ಒಂದು ಚರ್ಚು ಕಟ್ಟಬಹುದಿತ್ತು," ಎಂದರು. ಇಬ್ಬರೂ ಥಟ್ಟನೆ ಎದ್ದರು. ತಲೆಗೆ ತಲೆ ಹೊಡೆಯಿತು.

*

ಇಷ್ಟು ಸಲೀಸಾಗಿ ಸಾಗುತ್ತಿದ್ದುದನ್ನು ಕೆಡಿಸಿದವಳು ಒತೀಲಿಯಾಳೇ.

ಆ ಮಧ್ಯಾಹ್ನ ದೋನ್ಯಾ ಎಲ್ವಿರಾ ಮಗಳ ಮದುವೆಗೆ ಆಳೆತ್ತರದ ಕನ್ನಡಿ ಹೇಳಲು ಬಂದರು. ಆಕೆ ಮೆಚ್ಚಿದ ಅಂಗಡಿಯನ್ನು ಇಡೀ ಪೇಟೆ ಮೆಚ್ಚುತ್ತಿತ್ತು. ಆಕೆ ಮೂಗು ಮುರಿದರೆ ಇಡೀ ಪೇಟೆ ಮೂಗು ಮುರಿಯುತ್ತಿತ್ತು. ಮೇಜಿನ ಮೇಲಿದ್ದ ಡಬ್ಬಿಯತ್ತ ಆಕೆಯ ಕಣ್ಣು ಹೋಯಿತು.

"ಇದೇನಿದು? ಅಯ್ಯೋ ದೇವರೇ, ಜೀವ ಇದೆಯಾ ಇದಕ್ಕೆ?"

ಒತೀಲಿಯಾಳ ಕೈ ಯೋಚಿಸುವ ಮೊದಲೇ ಚಲಿಸಿತು. ಡಬ್ಬಿಯನ್ನು ಮೇಜಿನ ಕೆಳಗೆ ತಳ್ಳಿತು. ಬಾಯಿಯೂ ಕೈಯ ಹಿಂದೆಯೇ ಹೋಯಿತು.

"ನಂದಲ್ಲ ದೋನ್ಯಾ. ಯಾರೋ ಗಿರಾಕಿ ಬಿಟ್ಟು ಹೋಗಿದ್ದು. ಆ ಕರಾವಳಿ ಕಡೆಯವರು ಗೊತ್ತಲ್ಲ, ಅವರಿಗೆ ಇಂಥದ್ದೇ. ಇವತ್ತೇ ತಗೊಂಡು ಹೋಗ್ತಾನೆ."

ಬಾಗಿಲಲ್ಲಿ ಎವರಾರ್ದೊ ನಿಂತಿದ್ದ. ಎರಡೂ ಕೈಯಲ್ಲಿ ತೂಬಾದ ಲೋಟ.

ದೋನ್ಯಾ ಎಲ್ವಿರಾ ಹೋಗುವವರೆಗೆ ಅವನು ಒಳಗೆ ಬರಲಿಲ್ಲ. ಬಂದವನು ಲೋಟಗಳನ್ನು ಇಳಿಸಿ, ಬಗ್ಗಿ, ಮೇಜಿನ ಕೆಳಗಿದ್ದ ಡಬ್ಬಿಯನ್ನು ಎತ್ತಿ ಒಳಗೆ ಇಣುಕಿ ನೋಡಿದ.

"ಶಾಲೇಲಿ ನನ್ನನ್ನ ಯಾರೂ ಹೆಸರು ಹಿಡಿದು ಕರೀತಿರಲಿಲ್ಲ," ಎಂದ. "ಏ ಜೇಡ, ಬಾರೋ ಅಂತಿದ್ರು. ಅದಕ್ಕೆ ನಾನು ಯಾವತ್ತೂ ತಲೆ ಕೆಡಿಸಿಕೊಂಡಿಲ್ಲ. ಆದ್ರೆ ಇವತ್ತು..." ಮಾತು ಅಲ್ಲಿಗೇ ನಿಲ್ಲಿಸಿದ. "ಪರವಾಗಿಲ್ಲ. ತಗೊಂಡು ಹೋಗ್ತೀನಿ."

ತಪ್ಪಾಯಿತು ಎಂಬ ಮಾತು ಒತೀಲಿಯಾಳ ನಾಲಿಗೆಯ ತುದಿಗೆ ಬಂತು. ಬಿಗುಮಾನ ಅದನ್ನು ಅಲ್ಲೇ ಹಿಡಿದು ನಿಲ್ಲಿಸಿತು.

"ಮನೆ ಇನ್ನೂ ಆಗಿಲ್ಲ," ಎಂದಷ್ಟೇ ಹೇಳಿದಳು. "ಒಪ್ಪಿಕೊಂಡ ಕೆಲಸ ಅರ್ಧಕ್ಕೆ ಬಿಡೋದು ನಮ್ಮ ಪದ್ಧತಿ ಅಲ್ಲ. ಡಬ್ಬಿ ಇಲ್ಲೇ ಇರಲಿ."

"ಆಗಲಿ ಸೆನ್ಯೊರಿತಾ. ಆದ ಮೇಲೆ ಹೇಳಿ ಕಳಿಸಿ."

ಹುಳುಗಳ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಹೊರಟುಹೋದ. ತೂಬಾ ಎರಡು ಲೋಟವೂ ಹಾಗೆಯೇ ಹುಳಿಯಾಯಿತು.

ಸಂಜೆ ಕದ ಹಾಕುವಾಗ ದೋನ್ ಅನಸ್ತಾಸಿಯೊ ಹೇಳಿದರು: "ಒಡೆದ ಗಾಜನ್ನ ಅಂಟಿಸ್ತೀನಿ ಅನ್ನೋನು ಗಾಜಿನ ಕೆಲಸದೋನೇ ಅಲ್ಲ ಮಗಳೇ. ಹೊಸದಾಗಿ ಕತ್ತರಿಸಬೇಕು."

*

ಹೊಸದಾಗಿಯೇ ಕತ್ತರಿಸಿದಳು.

ಈ ಸಲ ಗೋಪುರವಿಲ್ಲ. ಎರಡು ಇಟ್ಟಿಗೆ ಜೋಡಿಸಿಟ್ಟಷ್ಟು ಉದ್ದ, ಒಂದು ಗೇಣು ಎತ್ತರ. ಅಂಚುಗಳನ್ನು ಬೆರಳು ಆಡಿಸಿದರೆ ರೇಷ್ಮೆ ಅನ್ನಿಸುವವರೆಗೆ ಉಜ್ಜಿದಳು. ಉಸಿರಾಟಕ್ಕೆಂದು ಎರಡು ಬದಿಗಳಲ್ಲಿ ಸಣ್ಣ ತೂತುಗಳ ಸಾಲು. ಮರಿಯ ತಲೆ ತೂರದಷ್ಟು ಸಣ್ಣವು. ಗಾಜನ್ನು ನೀರಿನಲ್ಲಿ ಮುಳುಗಿಸಿಟ್ಟು ಒಂದೊಂದನ್ನೇ ಡ್ರಿಲ್ಲಿನಿಂದ ಕೊರೆಯುವಾಗ ತಾನೇ ಉಸಿರು ಹಿಡಿದಳು. ಒಂದೂ ಸೀಳಲಿಲ್ಲ. ಮುಚ್ಚಳ ಜಾರಿ ಕೂರುವಂತೆ ಮಾಡಿ, ಅದಕ್ಕೊಂದು ಹಿತ್ತಾಳೆಯ ಚಿಲಕ ಹಾಕಿದಳು.

ಆಮೇಲೆ ಮಣ್ಣು. ತೆಂಗಿನ ನಾರಿನ ಪುಡಿಗೆ ಊರ ಹೊರಗಿನ ಕಾಡಿನ ಮಣ್ಣು ಬೆರೆಸಿ, ಇರುವೆ ಮೊಟ್ಟೆ ಇದ್ದರೆ ಸಾಯಲಿ ಎಂದು ಬಾಣಲೆಯಲ್ಲಿ ಹುರಿದಳು.

"ಇವತ್ತು ಊಟಕ್ಕೆ ಇದೇನಾ?" ಎಂದರು ಅಪ್ಪ.

"ಉಪ್ಪು ಬೇಕಾದ್ರೆ ಹಾಕಿಕೊಳ್ಳಿ."

ತಣಿದ ಮಣ್ಣನ್ನು ಮನೆಯ ಅರ್ಧಕ್ಕೂ ಮೇಲೆ ತುಂಬಿ ಅದುಮಿದಳು. ಮರಿ ಮುಚ್ಚಳದಿಂದ ಜಾರಿ ಬಿದ್ದರೂ ನೋವಾಗದಷ್ಟೇ ಎತ್ತರ ಉಳಿಯಲಿ ಎಂದು. ಒಂದು ಮೂಲೆಗೆ ಮಾತ್ರ ನೀರು ಚಿಮುಕಿಸಿ ತೇವ ಮಾಡಿದಳು, ಉಳಿದದ್ದು ಒಣಗಿಯೇ ಇತ್ತು. ಪರೋತಾ ಮರದ ಬಾಗಿದ ತೊಗಟೆಯೊಂದನ್ನು ಓರೆಯಾಗಿ ಹುಗಿದು, ಅದರಡಿ ಬೆರಳಿನಿಂದ ಗುಳಿ ಮಾಡಿ ಬಿಲಕ್ಕೆ ಮೊದಲು ಹಾಕಿಕೊಟ್ಟಳು. ನೀರಿಗೆಂದು ಉಗುರಿನಗಲದ ಗಾಜಿನ ಬಟ್ಟಲನ್ನು ಕುಲುಮೆಯಲ್ಲಿ ಬಾಗಿಸಿದಳು. ಅಷ್ಟು ಚಿಕ್ಕ ಪಾತ್ರೆಯನ್ನು ಆ ಅಂಗಡಿ ಹಿಂದೆಂದೂ ಮಾಡಿರಲಿಲ್ಲ.

ಚೀಯಾವನ್ನು ಒಳಗೆ ಬಿಡುವಾಗ ಒತೀಲಿಯಾ ಕೈ ಹಿಂದೆ ಅಡಗಿಸಿಕೊಳ್ಳಲಿಲ್ಲ. ಲೋಟವೊಂದನ್ನು ಮುಂದೆ ಹಿಡಿದು ಹಿಂದಿನಿಂದ ಬ್ರಷ್ಷಿನ ತುದಿಯಲ್ಲಿ ಮೆಲ್ಲಗೆ ಮುಟ್ಟಿದಳು. ಮರಿ ನಡೆದು ಬಂತು, ನಿಂತಿತು, ಹೊಸ ಮಣ್ಣನ್ನು ಒಂದೊಂದೇ ಕಾಲಿನಲ್ಲಿ ಪರೀಕ್ಷಿಸಿತು. ಆಮೇಲೆ ನೇರವಾಗಿ ತೊಗಟೆಯ ಕೆಳಗೆ ಹೋಗಿ, ಅವಳು ಮಾಡಿದ ಗುಳಿಯಿಂದ ಮೊದಲ ಹಿಡಿ ಮಣ್ಣನ್ನು ಹೊತ್ತು ತಂದು ಹೊರಗೆ ಹಾಕಿತು.

ಯಾವ ಗಿರಾಕಿ ಮೆಚ್ಚಿದಾಗಲೂ ಆಗದಷ್ಟು ಹೆಮ್ಮೆ ಆ ಹಿಡಿ ಮಣ್ಣಿನಿಂದ ಒತೀಲಿಯಾಳಿಗಾಯಿತು. ಆ ಮನೆಯನ್ನು ಒಯ್ದು ಅಂಗಡಿಯ ಮುಂದಿನ ಕಿಟಕಿಯಲ್ಲಿ, ಬಿಸಿಲು ತಾಗದ ಕಡೆ, ದೋನ್ಯಾ ಎಲ್ವಿರಾ ಅವರ ಕನ್ನಡಿಯ ಪಕ್ಕದಲ್ಲೇ ಇಟ್ಟಳು. ಬೀದಿಯವರೆಲ್ಲ ನಿಂತು ನೋಡಿದರು.

ಎವರಾರ್ದೊಗೆ ಮಾತ್ರ ಹೇಳಿ ಕಳಿಸಲಿಲ್ಲ. ಇವತ್ತು ನಾಳೆ ಎಂದು ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಡುತ್ತಿದ್ದಳು.

ಅಷ್ಟರಲ್ಲಿ ಚೀಯಾ ಊಟ ಬಿಟ್ಟಿತು. ಹಾಕಿದ ಹುಳು ಹಾಗೆಯೇ ಓಡಾಡುತ್ತಿದ್ದರೆ ತಿರುಗಿಯೂ ನೋಡಲಿಲ್ಲ. ಮೈ ಬಣ್ಣ ಮಾಸಿತು. ಒತೀಲಿಯಾ ಹುಳುವನ್ನು ಹೊರಗೆ ತೆಗೆದು, ಬಟ್ಟಲಿಗೆ ಹೊಸ ನೀರು ಹಾಕಿ, ಎಲ್ಲಿ ತಪ್ಪಿದೆ ಎಂದು ಮನೆಯ ಮೂಲೆಮೂಲೆ ಹುಡುಕಿದಳು. ಅಜ್ಜಿಯ ಹುಟ್ಟುಹಬ್ಬಕ್ಕೆ ವಾರವಿದೆ ಅನ್ನುವಾಗ, ಬೆಳಗ್ಗೆ ಅಂಗಡಿಯ ಕದ ತೆರೆದು ನೋಡಿದರೆ ಚೀಯಾ ತೊಗಟೆಯ ಮುಂದೆ ಅಂಗಾತ ಬಿದ್ದಿತ್ತು. ಎಂಟೂ ಕಾಲು ಮೇಲೆ.

*

ಬಿಗುಮಾನ ಎಲ್ಲಿ ಹೋಯಿತೋ, ಅವಳಿಗೇ ತಿಳಿಯಲಿಲ್ಲ.

"ಎವರಾರ್ದೊ, ನಾನು ಅದನ್ನ ಕೊಂದುಬಿಟ್ಟೆ," ಎಂದಳು ಫೋನಿನಲ್ಲಿ. "ಬಾ. ಬೈಯೋದಾದ್ರೂ ಬಂದು ಬೈಯಿ."

"ಹೇಗೆ ಬಿದ್ದಿದೆ? ಅಂಗಾತನಾ, ಬೋರಲಾ?"

"ಅಂಗಾತ."

"ಹಾಗಾದ್ರೆ ಸತ್ತಿಲ್ಲ. ಸಾಯೋ ಜೇಡ ಕಾಲು ಮಡಚಿಕೊಂಡು ಬೋರಲು ಬೀಳುತ್ತೆ. ಅದು ಪೊರೆ ಬಿಡ್ತಾ ಇದೆ. ಮುಟ್ಟಬೇಡ, ಅಲ್ಲಾಡಿಸಬೇಡ, ಊದಬೇಡ. ಅಳೋದಾದ್ರೆ ದೂರ ನಿಂತು ಅಳು."

"ನಾನೇನೂ ಅಳ್ತಿಲ್ಲ."

"ಗೊತ್ತು. ಬರ್ತಿದೀನಿ."

ಮೋಟಾರ್ ಬೈಕನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ, ಸದ್ದಾಗದಂತೆ ನಡೆದು ಬಂದ. ಮನೆಯನ್ನು ನೋಡಿದ. ಮೊದಲು ಒಳಗಿದ್ದ ಜೀವವನ್ನಲ್ಲ, ಮನೆಯನ್ನು. ತೂತುಗಳ ಸಾಲು, ತೇವದ ಮೂಲೆ, ಉಗುರಿನಗಲದ ಬಟ್ಟಲು. ಬಟ್ಟಲಿನ ಅಂಚಿಗೆ ನೇರವಾಗಿ ಗಾಜಿನ ಹೊರಗಿನಿಂದ ಬೆರಳಿಟ್ಟು ಹಾಗೆಯೇ ಕೂತ. ಒತೀಲಿಯಾ ಪಕ್ಕದಲ್ಲಿ ಕೂತಳು. ಈ ಸಲ ನಡುವೆ ಅಂತರ ಇಡಲಿಲ್ಲ.

"ಅವತ್ತು ನಾನು ಮೇಜಿನ ಕೆಳಗೆ ತಳ್ಳಿದ್ದು ಜೇಡನ ಅಲ್ಲ," ಎಂದಳು ಪಿಸುಮಾತಿನಲ್ಲಿ.

"ಗೊತ್ತು."

"ಎಲ್ಲಾ ಗೊತ್ತು ಅಂತೀಯ. ಹಾಗಾದ್ರೆ ನನಗೆಷ್ಟು ನಾಚಿಕೆ ಆಯ್ತು ಅನ್ನೋದೂ ಗೊತ್ತಿರಬೇಕು."

ಅವನು ತಲೆಯಾಡಿಸಿದ. ಆಮೇಲೆ, ಗಾಜಿನಿಂದ ಕಣ್ಣು ತೆಗೆಯದೆ, ತಾತನ ಮಾತು ತೆಗೆದ. ಹಿಂದೆ ಹೊರಗಿನವರು ಲಾರಿ ತಗೊಂಡು ಬರುತ್ತಿದ್ದರಂತೆ. ತಾತ ಕಾಡಿನ ಬಿಲಗಳಿಂದ ಇವನ್ನು ಅಗೆದು ಚೀಲಗಟ್ಟಲೆ ಅವರಿಗೆ ಮಾರುತ್ತಿದ್ದನಂತೆ. ಒಂದು ವರ್ಷ ಮಳೆ ಬಿದ್ದ ಮೇಲೂ ಅಂಗಳಕ್ಕೆ ಒಂದು ಜೇಡವೂ ಬರಲಿಲ್ಲ. ಆವತ್ತು ಅಜ್ಜಿ ಗಂಡನ ಗುದ್ದಲಿಯನ್ನು ಬಾವಿಗೆ ಎಸೆದಳಂತೆ.

"ನಾನು ಈ ಕೆಲಸ ಹಿಡಿದದ್ದು ಅದಕ್ಕೇ. ಅಜ್ಜಿ ಕೇಳಿದ್ದೂ ಅದಕ್ಕೇ. ನಮ್ಮ ಮನೆಯಿಂದ ಎಷ್ಟೋ ಚೀಲದಲ್ಲಿ ಹೋದವು, ಒಂದಾದ್ರೂ ಮರ್ಯಾದೆಯಿಂದ ಒಳಗೆ ಬರಲಿ ಅಂತಾಳೆ."

ಅಷ್ಟರಲ್ಲಿ ಯಾರೋ ಕದ ಬಡಿದರು. ದೋನ್ಯಾ ಎಲ್ವಿರಾ. ಕನ್ನಡಿಯ ಅಂಚು ಇನ್ನೂ ಸ್ವಲ್ಪ ಉಜ್ಜಿಸಬೇಕಿತ್ತು.

ಒತೀಲಿಯಾ ಕದವನ್ನು ಅರ್ಧ ತೆರೆದಳು. "ಇವತ್ತು ಆಗಲ್ಲ ದೋನ್ಯಾ. ಸದ್ದು ಮಾಡೋ ಹಾಗಿಲ್ಲ. ನಮ್ಮ ಜೇಡ ಪೊರೆ ಬಿಡ್ತಿದೆ."

"ನಮ್ಮ ಅಂದ್ರೆ ಯಾರದು?"

"ನಂದು ಮತ್ತೆ ಎವರಾರ್ದೊಂದು. ಇವರು ಎವರಾರ್ದೊ. ಇಡೀ ಭೂಮಿ ಮೇಲೆ ನಮ್ಮ ಈ ಕರಾವಳೀಲಿ ಮಾತ್ರ ಹುಟ್ಟೋ ಜೀವ ಅದು, ಅದನ್ನ ಉಳಿಸಿ ಬೆಳೆಸ್ತಿರೋರು. ನೋಡೋದಾದ್ರೆ ಬನ್ನಿ, ಚಪ್ಪಲಿ ಬಿಟ್ಟು ಮೆಲ್ಲಗೆ."

ಎವರಾರ್ದೊನ ಕಿವಿ ಕೆಂಪಾಯಿತು. ದೋನ್ಯಾ ಎಲ್ವಿರಾ ಹೊಸ್ತಿಲಲ್ಲಿ ತುಸು ಹೊತ್ತು ನಿಂತರು. ಕುತೂಹಲ ಗೆದ್ದಿತು. ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬಂದರು.

ಬೆನ್ನಿನ ಚಿಪ್ಪು ಡಬ್ಬಿಯ ಮುಚ್ಚಳದಂತೆ ಕಳಚಿಕೊಂಡಿತು. ಕೈಗವಸಿನಿಂದ ಬೆರಳು ಎಳೆದುಕೊಳ್ಳುವ ಹಾಗೆ ಚೀಯಾ ತನ್ನ ಹಳೆಯ ಕಾಲುಗಳಿಂದ ಹೊಸ ಕಾಲುಗಳನ್ನು ಒಂದಿಷ್ಟೊಂದಿಷ್ಟೇ ಎಳೆದುಕೊಂಡಿತು. ನಿಂತಿತು, ದಣಿವಾರಿಸಿಕೊಂಡಿತು, ಮತ್ತೆ ಎಳೆಯಿತು. ದೋನ್ ಅನಸ್ತಾಸಿಯೊ ಟೋಪಿ ತೆಗೆದು ಎದೆಗೆ ಹಿಡಿದಿದ್ದರು. ಕೊನೆಯ ಕಾಲು ಹೊರಬಂದಾಗ ಒತೀಲಿಯಾಳ ಬೆರಳುಗಳು ಎವರಾರ್ದೊನ ಬೆರಳುಗಳ ನಡುವೆ ಇದ್ದವು. ಯಾವಾಗ ಹೋದವೋ ಇಬ್ಬರಿಗೂ ಗೊತ್ತಿರಲಿಲ್ಲ.

ಹಳೆಯ ಪೊರೆಯ ಪಕ್ಕದಲ್ಲಿ ಹೊಸ ಜೀವ ಅಂಗಾತವೇ ಮಲಗಿತ್ತು. ಮಧ್ಯಾಹ್ನದ ಹೊತ್ತಿಗೆ ಮಗುಚಿಕೊಂಡಿತು. ಮೈ ಮಖಮಲ್ಲಿನ ಕಪ್ಪಾಗಿತ್ತು, ಮತ್ತು ಮೊಟ್ಟಮೊದಲ ಸಲ ಮಂಡಿಗಳ ಮೇಲೆ ಬಣ್ಣ ಬಂದಿತ್ತು: ಕೆಂಡದ ಕಿತ್ತಳೆಗೆಂಪು.

"ನಿಮ್ಮ ಹುಡುಗಿ ಮದುವೆ ಗೌನಿಗೂ ಇಂಥ ಬಣ್ಣ ಸಿಗಲ್ಲ ಅನ್ನಬೇಕು," ಎಂದು ದೋನ್ ಅನಸ್ತಾಸಿಯೊ ದೋನ್ಯಾ ಎಲ್ವಿರಾ ಅವರನ್ನು ಕೆಣಕಿದರು.

"ಮದುವೆ ಗೌನಿಗೆ ಬಣ್ಣ ಎಲ್ಲಿಂದ ಬಂತು? ಬಿಳೀದು ಹೊಲಿಸಿದೀನಿ," ಎಂದರು ಆಕೆ, ಕಣ್ಣು ಮಾತ್ರ ಗಾಜಿನ ಮೇಲಿಂದ ಕೀಳದೆ.

*

ಪೊರೆಯನ್ನು ಎವರಾರ್ದೊ ಇಕ್ಕಳದಿಂದ ಎತ್ತಿ, ನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಹೊಟ್ಟೆಯ ಭಾಗವನ್ನು ಸೂಜಿಯಿಂದ ಬಿಡಿಸಿ ಹರಡಿದ. ಅಂಗಡಿಯಲ್ಲಿದ್ದ ಲೆನ್ಸ್ ಹಿಡಿದು ಬಹಳ ಹೊತ್ತು ನೋಡಿದ.

"ಏನು ಹುಡುಕ್ತಿದೀಯ?"

"ಗಂಡೋ ಹೆಣ್ಣೋ ಅಂತ. ಪೊರೆ ಸುಳ್ಳು ಹೇಳಲ್ಲ." ಲೆನ್ಸನ್ನು ಅವಳ ಕಣ್ಣಿಗೆ ಹಿಡಿದ. "ಇಲ್ಲಿ ನೋಡು, ಪುಟ್ಟ ಜೇಬಿನ ಹಾಗೆ ಒಂದು ಮಡಿಕೆ. ಹೆಣ್ಣು."

"ಅದರಿಂದೇನು?"

"ಗಂಡಾಗಿದ್ರೆ ಕೆಲವೇ ವರ್ಷ. ಹೆಣ್ಣು ಚೆನ್ನಾಗಿ ನೋಡಿಕೊಂಡ್ರೆ ಮೂವತ್ತು ವರ್ಷ ಬದುಕ್ತಾಳೆ."

ಒತೀಲಿಯಾ ಲೆನ್ಸನ್ನು ಕೆಳಗಿಟ್ಟಳು. ಆ ವಾರವಿಡೀ, ಚೀಯಾಳ ಮೈ ಗಟ್ಟಿಯಾಗಲಿ ಎಂದು ಕಾಯುತ್ತಿದ್ದಷ್ಟು ದಿನವೂ, ಮೂವತ್ತು ಎಂಬ ಮಾತು ಅವಳೊಳಗೆ ಓಡಾಡಿಕೊಂಡಿತ್ತು.

ಹುಟ್ಟುಹಬ್ಬದ ದಿನ ಅಪ್ಪನ ಪಿಕಪ್ಪನ್ನು ಅವಳೇ ಓಡಿಸಿದಳು. ಎವರಾರ್ದೊ ಪಕ್ಕದಲ್ಲಿ ಗಾಜಿನ ಮನೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ತಬ್ಬಿ ಕೂತಿದ್ದ. ನಿಂಬೆ ತೋಟಗಳ ನಡುವಿನ ದಾರಿಯಲ್ಲಿ ಗಾಡಿ ಎತ್ತಿನಬಂಡಿಯಂತೆ ತೆವಳಿತು. ಹಿಂದಿನವರೆಲ್ಲ ಹಾರ್ನ್ ಹೊಡೆದು ದಾಟಿ ಹೋದರು.

"ಮೂವತ್ತು ವರ್ಷ ಅಂದ್ರೆ ನನಗೆ ಅರುವತ್ತಾಗಿರುತ್ತೆ," ಎಂದಳು ದಾರಿ ನೋಡುತ್ತ.

"ನನಗೆ ಅರುವತ್ತಮೂರು."

"ನಿನ್ನನ್ನ ಯಾರು ಕೇಳಿದ್ರು?"

"ಯಾರೂ ಕೇಳಲಿಲ್ಲ. ಕೇಳ್ತಾರೇನೋ ಅಂತ ಕಾಯ್ತಿದೀನಿ."

ಒತೀಲಿಯಾ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದಳು. "ಕೇಳಬೇಕಾದೋಳು ನಾನಾ?"

"ಮನೆ ಕಟ್ಟೋಳು ನೀನಲ್ವಾ?"

ಅವನ ರೆಪ್ಪೆಗಳು ಕೆಳಗಿದ್ದವು. ಹುಡುಗಾಟದ ಮಾತಾಡುತ್ತಿದ್ದವನ ಕೈಗಳು ಗಾಜಿನ ಮೇಲೆ ಬಿಗಿಯಾಗಿದ್ದವು. ಅವನಿಗೂ ಭಯವಾಗುತ್ತದೆ ಎಂದು ಕಂಡಾಗ ಅವಳ ಭಯ ಹೋಯಿತು.

"ನನಗೆ ಜಂಬ ಜಾಸ್ತಿ," ಎಂದಳು. "ಸೋತೆ ಅಂತ ಒಪ್ಪಿಕೊಳ್ಳೋದಕ್ಕೆ ಹೊತ್ತು ಬೇಕು. ಬೆನ್ನು ತಿರುಗಿಸ್ತೀನಿ, ಮುಳ್ಳು ಎರಚ್ತೀನಿ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಜೊತೆ ಇರ್ತೀಯಾ?"

"ಇರ್ತೀನಿ."

"ಅಷ್ಟೇನಾ?"

"ಚೀಯಾ ತೊಡೆ ಮೇಲಿದಾಳೆ, ಕೈ ಬಿಡೋ ಹಾಗಿಲ್ಲ. ಇಲ್ಲದಿದ್ರೆ ಇನ್ನೂ ಚೆನ್ನಾಗಿ ಹೇಳ್ತಿದ್ದೆ."

ಕೈ ಬಿಡಲಾಗದವನ ಮುಖವನ್ನು ಒತೀಲಿಯಾ ತನ್ನತ್ತ ತಿರುಗಿಸಿಕೊಂಡಳು. ಗಾಜು ಅಲುಗದಂತೆ, ಬಹಳ ಜಾಗ್ರತೆಯಿಂದ, ಮುತ್ತಿಟ್ಟಳು.

*

ಅಜ್ಜಿಯ ಪಡಸಾಲೆ ತುಂಬಿತ್ತು. ಒಲೆಯ ಮೇಲೆ ಮೆಕ್ಕೆಜೋಳದ ಪೊಸೋಲೆ ಸಾರು ಕುದಿಯುತ್ತಿತ್ತು, ಅಂಗಳದಲ್ಲಿ ಯಾರೋ ಗಿಟಾರು ಶ್ರುತಿ ಮಾಡುತ್ತಿದ್ದರು. ಕನ್ಯಾಮಾತೆಯ ಪಟದ ಕೆಳಗಿನ ಮೇಜನ್ನು ಖಾಲಿ ಮಾಡಿ, ಇಸ್ತ್ರಿ ಮಾಡಿದ ಬಿಳಿ ವಸ್ತ್ರ ಹಾಸಿ ಇಟ್ಟಿದ್ದರು. ಎವರಾರ್ದೊ ಗಾಜಿನ ಮನೆಯನ್ನು ಅದರ ಮೇಲೆ ಇಳಿಸಿದ.

ಅಜ್ಜಿ ನಿಕಾನೊರಾ ತಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆಸಿಕೊಂಡರು. ಮೊದಲು ಅಂಚಿನ ಮೇಲೆ ಬೆರಳು ಆಡಿಸಿದರು, ಚಿಲಕ ತೆಗೆದು ಹಾಕಿದರು, ಬಟ್ಟಲನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಯಾರ ಕೈ ಇದು?"

"ನಂದು ಅಜ್ಜಿ," ಎಂದಳು ಒತೀಲಿಯಾ. ತಲೆ ಎತ್ತಿಯೇ ಹೇಳಿದಳು.

"ಒಳಗಿರೋದು ಗಂಡೋ ಹೆಣ್ಣೋ?"

"ಹೆಣ್ಣು. ಮೂವತ್ತು ವರ್ಷ ಆಯಸ್ಸು," ಎಂದ ಮೊಮ್ಮಗ.

"ಮೂವತ್ತು." ಅಜ್ಜಿ ಆ ಮಾತನ್ನು ಬಾಯಲ್ಲಿ ಹೊರಳಿಸಿದರು. "ನನಗೆ ಇವತ್ತಿಗೆ ಎಂಬತ್ತೆರಡು. ನನ್ನಿಂದ ಪೂರ್ತಿ ಆಗೋ ಕೆಲಸ ಅಲ್ಲ ಇದು. ನನ್ನ ಪಾಲಿಂದು ನಾನು ಮಾಡ್ತೀನಿ. ಆಮೇಲಿಂದು ಯಾರು?"

"ನಾವು," ಎಂದರು ಇಬ್ಬರೂ ಒಟ್ಟಿಗೇ.

ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಚಿಕ್ಕಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಿ ಒತೀಲಿಯಾಳನ್ನು ಕೆಳಗಿಂದ ಮೇಲಿನವರೆಗೆ ನೋಡಿದರು.

"ಕೇಳಿದ್ದು ಯಾರು? ಇವನಂತೂ ಅಲ್ಲ, ಇವನಿಗೆ ಅಷ್ಟು ಧೈರ್ಯ ಇಲ್ಲ."

"ನಾನೇ ಕೇಳಿದೆ."

"ಒಳ್ಳೇದು. ಈ ಮನೇಲಿ ಕೇಳೋರು ಯಾವಾಗಲೂ ಹೆಂಗಸರೇ."

ನಗು ಇನ್ನೂ ಅಡಗಿರಲಿಲ್ಲ, ತೊಗಟೆಯ ಕೆಳಗಿನ ಕತ್ತಲಲ್ಲಿ ಏನೋ ಅಲುಗಿತು. ಮೊದಲು ಒಂದು ಕಾಲು ಹೊರಬಂದು ಮಣ್ಣನ್ನು ಮುಟ್ಟಿತು. ಆಮೇಲೆ ಇನ್ನೊಂದು. ಇಷ್ಟು ಜನರ ಮುಂದೆ, ಯಾವ ಅವಸರವೂ ಇಲ್ಲದೆ, ಕೆಂಪು ಮಂಡಿಗಳನ್ನು ಒಂದೊಂದಾಗಿ ಎತ್ತಿ ಇಡುತ್ತ ಚೀಯಾ ಬೆಳಕಿಗೆ ಬಂದು ನಿಂತಳು.

ನಿಕಾನೊರಾ ಕುರ್ಚಿಯ ಕೈಗಳನ್ನು ಹಿಡಿದರು. ಮೊಮ್ಮಗ ನೆರವಿಗೆ ಬಂದರೆ ಬೇಡವೆಂದು ಕೈಯಾಡಿಸಿದರು. ಮಂಡಿನೋವಿನ ಮುದುಕಿ, ತಾವಾಗಿಯೇ, ಮೆಲ್ಲಗೆ ಎದ್ದು ನೆಟ್ಟಗೆ ನಿಂತರು.

"ಎಲ್ಲರೂ ಎದ್ದೇಳಿ," ಎಂದರು. "ಈ ಮಣ್ಣಿನ ಮಗಳು ಮನೆಗೆ ಬಂದಿದ್ದಾಳೆ."

ಬೆಂಚುಗಳು ಸರಿದವು. ಚಿಕ್ಕಪ್ಪಂದಿರು ಟೋಪಿ ತೆಗೆದರು, ಚಿಕ್ಕಮ್ಮಂದಿರು ಏಪ್ರನ್ನಿಗೆ ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತರು. ಅಂಗಳದ ಗಿಟಾರಿನವನೂ ಗಿಟಾರನ್ನು ಕೆಳಗಿಟ್ಟು ಒಳಗೆ ಬಂದ. ಒತೀಲಿಯಾ ಎವರಾರ್ದೊನ ಕೈಯನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು, ಅವರೆಲ್ಲರ ನಡುವೆ, ಎದೆ ಸೆಟೆದು ನಿಂತಿದ್ದಳು.